ಒಳಕೋಣೆಯ ಕೌದಿ

ಶೇಖವ್ವ ನಮ್ಮ ಮನೆಗೆ ಸೊಸೆಯಾಗಿ ಬಂದು ಕೈಯ ಮದರಂಗಿ ಇನ್ನೂ ಅಳಿಸಿರಲಿಲ್ಲ, ಆಗಲೇ ನನ್ನ ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಓಣಿಯವರು ಏನೇನೋ ಆಡಿಕೊಂಡರು. ಹಿರೇಕೆರೂರಿನ ಹುಡುಗಿ, ಏಳನೇ ಇಯತ್ತೆ ಓದಿದವಳು, ಮೇಲೆ ಕೆಂಪು ಬಣ್ಣ, ಅದಕ್ಕೇ ಹಿರೇಸೊಸೆ ಗುತ್ತೆವ್ವ ಉರಿಯುತ್ತಾಳೆ ಎಂದರು. ಅವರ ಬಾಯಿಗಿಷ್ಟು ಮಣ್ಣು ಹಾಕ. ಅವಳ ಬಣ್ಣ ತಗೊಂಡು ನಾನೇನು ಗೋಡೆಗೆ ಬಳಿಯಲೇ? ನನ್ನನ್ನು ಉರಿಸಿದ್ದು ಅವಳ ಬಾಯಲ್ಲಿದ್ದ ಒಂದು ಮಾತು. ಗಂಡ ಕರೆದಾಗ ಮನಸ್ಸಿಲ್ಲದಿದ್ದರೆ ಅವಳು 'ಒಲ್ಲೆ' ಎನ್ನುತ್ತಿದ್ದಳು. ಅವನು ಸುಮ್ಮನೆ ಹೋಗಿಬಿಡುತ್ತಿದ್ದ.

ಹತ್ತಿಮತ್ತೂರಿನಲ್ಲಿ ನಮ್ಮದು ಹಳೆಯ ಮನೆ. ಪಡಸಾಲೆ, ಅಡಿಗೆಮನೆ, ದನ ಕಟ್ಟುವ ಅಂಕಣ, ಹೊರಗೆ ಕಟ್ಟೆ. ಬಾಗಿಲು ಹಾಕಿಕೊಳ್ಳಬಹುದಾದದ್ದು ಒಳಕೋಣೆಯೊಂದೇ. ಅದರಲ್ಲೂ ಅರ್ಧ ಜಾಗ ಜೋಳದ ಚೀಲಗಳಿಗೆ. ನನ್ನ ಮೈದುನ ಮಾಳಪ್ಪನ ಮದುವೆಯಾಗುವವರೆಗೆ ಆ ಕೋಣೆ ನನ್ನದೂ ನನ್ನ ಗಂಡನದೂ ಆಗಿತ್ತು. ಶೇಖವ್ವ ಬಂದ ಮೇಲೆ ಜೋಡಿ ಎರಡಾದವು, ಕೋಣೆ ಮಾತ್ರ ಒಂದೇ ಉಳಿಯಿತು. ಅದಕ್ಕೆ ನಮ್ಮತ್ತೆ ಕರೆವ್ವ ತನ್ನ ಅತ್ತೆ ಮಾಡುತ್ತಿದ್ದ ಪದ್ಧತಿಯನ್ನೇ ಮತ್ತೆ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಯಾವ ಸೊಸೆಯ ಕೌದಿಯನ್ನು ಒಯ್ದು ಒಳಕೋಣೆಯಲ್ಲಿ ಹಾಸುತ್ತಾಳೋ ಅವತ್ತು ಆ ಜೋಡಿಯ ಪಾಳಿ. ಬಾಯಿ ಬಿಟ್ಟು ಯಾರೂ ಏನೂ ಹೇಳುವಂತಿಲ್ಲ. ನನ್ನ ಕೌದಿಗೆ ಕೆಂಪು ಅಂಚು, ಹಂಸಭಾವಿಯ ನನ್ನವ್ವ ಹಳೇ ಸೀರೆ ಕೂಡಿಸಿ ಹೊಲಿದು ಕೊಟ್ಟದ್ದು. ಶೇಖವ್ವನದಕ್ಕೆ ಹಸಿರು ಅಂಚು. ಕೆಂಪು ಅಂಚು ಒಳಗೆ ಹೋಯಿತೆಂದರೆ ಅದರ ಹಿಂದೆ ನಾನು ಹೋಗಬೇಕು. ಕೌದಿಯನ್ನೂ ಯಾರೂ ಕೇಳುತ್ತಿರಲಿಲ್ಲ, ನನ್ನನ್ನೂ ಯಾರೂ ಕೇಳುತ್ತಿರಲಿಲ್ಲ.

ನನ್ನ ಗಂಡ ಭರಮಪ್ಪ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ, ನನ್ನ ಮೇಲೆ ಕೈ ಎತ್ತಿದವನಲ್ಲ. ಸ್ವಲ್ಪ ಪುಕ್ಕಲು ಅಷ್ಟೇ. ಹೋದ ವರ್ಷ ಎಮರ್ಜೆನ್ಸಿ ಕಾಲದಲ್ಲಿ, ಮಕ್ಕಳಿದ್ದವರು ಇಲ್ಲದವರು ಎಂದು ನೋಡದೆ ಗಂಡಸರನ್ನು ಮಕ್ಕಳಾಗದ ಹಾಗೆ ಮಾಡುವ ಆಪರೇಶನ್ನಿಗೆ ಎತ್ತಿ ಹಾಕಿಕೊಂಡು ಹೋಗುತ್ತಾರೆಂದು ಸುದ್ದಿ ಹಬ್ಬಿದಾಗ, ಜೋಳದ ಹೊಲದಲ್ಲಿ ಅಡಗಿ ಕುಳಿತವರಲ್ಲಿ ಇವನೂ ಒಬ್ಬ. ತುಂಬಿದ ಬಸುರಿ ನಾನೇ ರೊಟ್ಟಿ ಕಟ್ಟಿಕೊಂಡು ಹೋಗಿ ಕೊಟ್ಟು ಬರುತ್ತಿದ್ದೆ. ಎತ್ತುಗಳ ಮೇಲೆ ಇವನಿಗೆ ಜೀವ. ನೀರು ಕುಡಿಸುವಾಗ ಸೀಟಿ ಹೊಡೆಯುತ್ತ ನಿಲ್ಲುತ್ತಾನೆ. ಎತ್ತು ಮೂತಿ ತಿರುಗಿಸಿತೋ, "ಒಲ್ಯಾ? ಬಿಡು ಹಂಗಾರ" ಎಂದು ಬಾನಿ ಸರಿಸುತ್ತಾನೆ. ನಗಬೇಡಿ, ಎಷ್ಟೋ ಸಲ ನನಗೆ ಆ ಎತ್ತಿನ ಮೇಲೂ ಹೊಟ್ಟೆಕಿಚ್ಚಾಗಿದೆ.

ಶೇಖವ್ವನ ಒಲ್ಲೆಯನ್ನು ನಾನು ಮೊದಲು ಕೇಳಿದ್ದು ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದಾಗ. ಅತ್ತೆ ಹಸಿರು ಅಂಚನ್ನು ಒಳಗೆ ಹಾಸಿ ಬಂದಿದ್ದಳು. ಮಾಳಪ್ಪ ಕಾಲು ತೊಳೆದುಕೊಂಡು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತು, ನಾನಿದ್ದೇನೆಂದು ದನಿ ತಗ್ಗಿಸಿ, "ಬರ್ತೀಯೇನು?" ಎಂದ.

"ಇವತ್ತ ಒಲ್ಲೆ. ಹತ್ತಿ ಬಿಡಿಸಿ ಬಿಡಿಸಿ ಸೊಂಟ ಹಿಡದೈತಿ" ಎಂದಳು ಇವಳು.

"ಆತು ತಗೋ" ಎಂದು ಅವನು ಕಂಬಳಿ ಹೆಗಲಿಗೆ ಹಾಕಿಕೊಂಡು ಕಟ್ಟೆಗೆ ಹೋದ.

ಇವಳು ಎದ್ದು ಒಳಕೋಣೆಗೆ ಹೋಗಿ ತನ್ನ ಕೌದಿ ಎತ್ತಿಕೊಂಡು ಬಂದು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಹಾಸಿದಳು. ಅತ್ತೆ ಬಾಯಿ ತೆರೆದವಳು ತೆರೆದ ಹಾಗೇ ಇದ್ದಳು. ಹೆಂಚಿನ ಮೇಲೆ ನನ್ನ ರೊಟ್ಟಿ ಸೀದು ಕರಕಲಾಯಿತು. ಆ ರೊಟ್ಟಿಯನ್ನು ಅವಳ ತಾಟಿಗೇ ಹಾಕಿದೆ.

ಇರಲಿ, ಬೆಳಗಾಗಲಿ, ಅವನು ಕೊಡ ಒದೆಯುತ್ತಾನೆ, ಚಹಾ ಚೆಲ್ಲುತ್ತಾನೆ, ಆಗ ತಿಳಿಯುತ್ತದೆ ಇವಳಿಗೆ ಎಂದುಕೊಂಡು ಕಾದೆ. ಬೆಳಗಾಯಿತು. ಅವನು ಬಾವಿಯಿಂದ ತಾನೇ ಎರಡು ಕೊಡ ನೀರು ತಂದಿಟ್ಟು, "ಸೊಂಟ ಹೆಂಗೈತಿ?" ಎಂದು ಕೇಳಿದ. ಅವಳು ಪರವಾಗಿಲ್ಲ ಎಂದಳು. ನನ್ನ ಸೊಂಟ ಹೇಗಿದೆಯೆಂದು ಕೇಳಿದವಳು ಒಬ್ಬಳೇ, ಸೂಲಗಿತ್ತಿ. ಎರಡು ಬಸಿರು ನಿಲ್ಲದೆ ಹೋಗಿ ಮೂರನೆಯದಕ್ಕೆ ಈ ಗಂಡುಕೂಸು ಕೈಗೆ ಬಂದಿತ್ತು, ಎಂಟು ತಿಂಗಳದು. ಮೈ ಇನ್ನೂ ನನ್ನದಾಗಿರಲಿಲ್ಲ. ಅದನ್ನು ಯಾರ ಮುಂದೆ ಹೇಳಲಿ?

ಹತ್ತಿ ಬಿಡಿಸುವಾಗ ಹೆಂಗಸರ ಕೈಗೆ ಕೆಲಸವಿದ್ದರೂ ಬಾಯಿಗೆ ಲಗಾಮಿರುವುದಿಲ್ಲ. ಸಾಲಿನಲ್ಲಿ ನಾನು, ಶೇಖವ್ವ, ಹಿಂದಿನ ಓಣಿಯ ಮಂಜವ್ವ, ಪಿಂಜಾರರ ಬಿಬಿಜಾನ. ಎಲ್ಲರೂ ಇಪ್ಪತ್ತರ ಆಚೆ ಈಚೆಯವರೇ. ನಾಲ್ಕು ಜನರೆದುರು ಇವಳ ಸೊಕ್ಕು ಇಳಿಸಬೇಕೆಂದೇ ನಾನು ಮಾತು ತೆಗೆದೆ.

"ಕೇಳಿದ್ರೇನ? ನಮ್ಮನಿ ಸಣ್ಣ ಸೊಸಿ ಗಂಡ ಕರದ್ರ ಒಲ್ಲೆ ಅಂತಾಳ."

ಮಂಜವ್ವ ಉಡಿ ಬಿಟ್ಟು ಗಲ್ಲಕ್ಕೆ ಕೈ ಹಚ್ಚಿದಳು. "ಯವ್ವಾ ನನ್ನವ್ವಾ! ತಾಳಿ ಕಟ್ಟಿಸ್ಕೊಂಡ ಮ್ಯಾಲೆ ಒಲ್ಲೆ ಅನ್ನಾಕ ಬರ್ತೈತೇನ? ಹಂಗಾರ ಲಗ್ನ ಯಾಕ ಆಗಬೇಕಿತ್ತು?"

"ಬಾಯಿಲೆ ಯಾಕ ಅನಬೇಕು?" ಬಿಬಿಜಾನ ಕಿಸಕ್ಕನೆ ನಕ್ಕಳು. "ನಾ ತಲಿಗೆ ಬಟ್ಟಿ ಕಟ್ಕೊಂಡು ಮಲಗತೇನಿ. ನಮ್ಮಂವ ಪಾಪ, ಬಾಮು ತಂದು ಕೊಟ್ಟು ಹೋಗ್ತಾನ. ಬಾಮಿನ ಡಬ್ಬಿ ನಾಕು ಕೂಡ್ಯಾವು ನಮ್ಮನ್ಯಾಗ."

ಎಲ್ಲರೂ ನಕ್ಕರು. "ನಮ್ಮಂವ ತಲಿಶೂಲಿಗೆ ಕೇಳಾಂವಲ್ಲ" ಎಂದಳು ಮಂಜವ್ವ. ಹೇಳಿದ ಮೇಲೆ ಅವಳು ನಗಲಿಲ್ಲ.

ಶೇಖವ್ವ ಬೆನ್ನು ನೆಟ್ಟಗೆ ಮಾಡಿ ನಿಂತಳು. ನಾಚಿ ನೀರಾಗುತ್ತಾಳೆಂದು ನಾನು ಕಾದಿದ್ದೆ. ಇವಳೆಲ್ಲಿ ನಾಚಬೇಕು?

"ಖರೇನ ಹೇಳಿದ್ರ ಏನಾಕ್ಕೈತಿ? ಲಗ್ನದಾಗ ನನ್ನ ಮನಿ ತುಂಬಿಸ್ಕೊಂಡ್ರು, ಬಾಯಿ ಹೊಲದು ತುಂಬಿಸ್ಕೊಳ್ಳಲಿಲ್ಲಲ್ಲ. ಮನಸಿದ್ದಾಗ ಅತ್ತಿ ಕೈಯಾಗಿಂದ ಇಸ್ಕೊಂಡು ನಾನ ಕೌದಿ ಒಯ್ದು ಹಾಸತೇನಿ. ಇಲ್ಲದಾಗ ಇಲ್ಲ ಅಂತೇನಿ. ಒಲ್ಲೆ ಅಂದದ್ದು ಕೇಳಿದ್ರನ, ನಾ ಹೂಂ ಅಂದಾಗ ಅದು ಖರೇ ಹೂಂ ಅಂತ ಅವಗೂ ಗೊತ್ತಾಗತೈತಿ."

"ಬಡೀಲಿಲ್ಲೇನ?" ಮಂಜವ್ವನ ದನಿ ಸಣ್ಣದಾಗಿತ್ತು.

"ಯಾಕ ಬಡೀತಾನ? ನಾ ಏನರ ಅವನ ಎತ್ತು ಮಾರಿ ಬಂದೇನೇನು?"

"ಇಂಥಾ ಗಂಡ ಎಲ್ಲಿ ಸಿಗ್ತಾನವಾ? ಅವಗ ಇನ್ನೊಬ್ಬ ತಮ್ಮ ಅದಾನೇನ?" ಎಂದಳು ಬಿಬಿಜಾನ.

"ತಮ್ಮ ಇಲ್ಲ, ಅಣ್ಣ ಅದಾನಲ್ಲ" ಎಂದು ಮಂಜವ್ವ ನನ್ನ ಕಡೆ ತಿರುಗಿದಳು. "ಭರಮಪ್ಪ ಹೆಂಗ ಗುತ್ತೆವ್ವಾ? ಆಂವನೂ ಕೇಳ್ತಾನೇನು?"

"ನಮ್ಮನಿ ಮಾತು ನಿಮಗ್ಯಾಕ ಬೇಕು? ಹತ್ತಿ ಬಿಡಸ್ರಿ" ಎಂದೆ. ಮಾತು ತೆಗೆದವಳು ನಾನೇ ಎಂದು ಯಾರೂ ನೆನಪಿಸಲಿಲ್ಲ. ಆ ಸಾಲು ಮುಗಿಯುವ ಹೊತ್ತಿಗೆ ಒಣಗಿದ ಕಾಯಿಯ ಚೂಪಿಗೆ ನನ್ನ ಬೆರಳೆಲ್ಲ ಗೀರಿ ಹೋಗಿದ್ದವು.

ಅದಾದ ಮರುದಿನ ಅತ್ತೆ ಸಂತೆಗೆ ಹೋಗಿದ್ದಳು. ಕೂಸಿಗೆ ಎರೆಯುವ ಕೆಲಸ ಶೇಖವ್ವನ ಪಾಲಿಗೆ ಬಂತು. ಕಾಲು ಚಾಚಿ ಕುಳಿತು ಕೂಸನ್ನು ಬೋರಲು ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದವಳ ಕೈ ತೊಡೆಯ ಹತ್ತಿರ ನಿಂತಿತು.

"ಅಕ್ಕಾ, ಇಲ್ಲಿ ನೋಡು, ಕಂದಿಹೋಗೇತಿ."

"ಇರಿವಿ ಕಡದಿರಬೇಕು."

ಅವಳು ಬಗ್ಗಿ ನೋಡಿದಳು. ತನ್ನ ಹೆಬ್ಬೆರಳು ತೋರುಬೆರಳನ್ನು ಆ ಕಲೆಯ ಮೇಲೆ ಹಿಡಿದು ನೋಡಿದಳು. "ಇದು ಇರಿವಿ ಅಲ್ಲಕ್ಕಾ. ಉಗುರೈತಿ."

ಉಗುರೇ. ನನ್ನದೇ ಉಗುರು. ಕೆಂಪು ಅಂಚು ಒಳಗೆ ಹೋದ ದಿನ ಕೂಸನ್ನೂ ನನ್ನ ಮಗ್ಗುಲಿಗೆ ಹಾಕಿಕೊಂಡು ಹೋಗುತ್ತಿದ್ದೆ. ಮೈ ಒಲ್ಲೆ ಎಂದಾಗ ಅದರ ತೊಡೆ ಚಿವುಟುತ್ತಿದ್ದೆ. ಕೂಸು ಮನೆ ಹಾರಿಹೋಗುವ ಹಾಗೆ ಕಿರುಚುತ್ತಿತ್ತು. ಪಡಸಾಲೆಯಿಂದ ಅತ್ತೆ, "ಕೂಸು ಯಾಕ ಹಂಗ ಅಳಾಕತ್ತೈತಿ? ಎತ್ಕೊಂಡು ಹೊರಗ ಬಾ" ಎನ್ನುತ್ತಿದ್ದಳು. ಹೊರಗೆ ಬಂದು ಅದನ್ನು ಎದೆಗೆ ಹಚ್ಚಿಕೊಂಡು ತಟ್ಟುತ್ತ ಕೂಡುತ್ತಿದ್ದೆ. ಶೇಖವ್ವ ತನ್ನ ಬಾಯಲ್ಲಿ ಹೇಳುತ್ತಿದ್ದದ್ದನ್ನು ನಾನು ಕೂಸಿನ ಬಾಯಲ್ಲಿ ಹೇಳಿಸುತ್ತಿದ್ದೆ. ಬೇರೆ ಯಾವ ಬಾಯಿ ಇತ್ತು ನನಗೆ?

ಕೂಸನ್ನು ಅವಳ ಕಾಲ ಮೇಲಿಂದ ಕಸಿದುಕೊಂಡೆ. ಎಣ್ಣೆಗೆ ಜಾರಿ ಬೀಳುವುದರಲ್ಲಿತ್ತು.

"ಏನ ನೋಡ್ತಿ? ನಿನಗ ಬಾಯಿ ಐತಿ, ನನಗ ಇದೊಂದ ಐತಿ! ಒಲ್ಲೆ ಅಂದು ಸುಖವಾಗಿ ನಿದ್ದಿ ಮಾಡಾಕಿ ನೀ, ನಿನಗೇನ ತಿಳೀತೈತಿ?"

ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ತಿಳಿದ ಮೇಲೆ ಅವಳ ಮುಖದ ಬಣ್ಣವೆಲ್ಲ ಇಳಿದುಹೋಯಿತು.

"ಬಾವಾರಿಗೆ ಹೇಳಬಾರದೇನಕ್ಕಾ?"

"ಹೇಳಿದ್ರ ಕೇಳಾಂವ ಬೇಕಲ್ಲ!"

"ಒಮ್ಮೆರ ಹೇಳೀಯೇನು?"

ಏಳು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಹೇಳುವ ಮಾತೆಂದೇ ಗೊತ್ತಿರಲಿಲ್ಲ. ರೊಟ್ಟಿ ಒಲ್ಲೆ ಎನ್ನುತ್ತಿದ್ದೆ, ಸೀರೆ ಒಲ್ಲೆ ಎನ್ನುತ್ತಿದ್ದೆ, ಈ ಒಂದಕ್ಕೆ ಆ ಮಾತು ಇದೆಯೆಂದು ನನಗೆ ನನ್ನವ್ವನೂ ಹೇಳಿರಲಿಲ್ಲ. ನಿನ್ನೆ ಮೊನ್ನೆ ಬಂದ ಇವಳು ನನ್ನ ಮನೆಯಲ್ಲಿ ಕುಳಿತು ನನಗೇ ಅದನ್ನು ಕೇಳುತ್ತಾಳಲ್ಲ ಎಂದು ಮೈಯೆಲ್ಲ ಉರಿಯಿತು. ಅವಳನ್ನು ಅಷ್ಟು ದ್ವೇಷಿಸಿದ ಗಳಿಗೆ ಇನ್ನೊಂದಿಲ್ಲ. ಆದರೂ ಕೂಸಿಗೆ ಅಂಗಿ ಹಾಕುವಾಗ ಆ ತೊಡೆ ಮುಟ್ಟಲು ನನಗೆ ಕೈ ಬರಲಿಲ್ಲ.

ಅವತ್ತು ಸಂಜೆ ಅತ್ತೆ ಸಂತೆಯಿಂದ ಬಂದು, ದೀಪ ಹಚ್ಚಿ, ಕೆಂಪು ಅಂಚಿನ ಕೌದಿಯನ್ನು ಎತ್ತಿಕೊಂಡು ಹೋಗಿ ಒಳಕೋಣೆಯಲ್ಲಿ ಹಾಸಿದಳು. ಕೂಸು ಪಡಸಾಲೆಯಲ್ಲಿ ಅಂಬೆಗಾಲಿಡುತ್ತಿತ್ತು. ನಾನು ಅದನ್ನು ನೋಡಿದೆ. ಮೂಲೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಶೇಖವ್ವ ನನ್ನನ್ನು ನೋಡಿದಳು. ಏನು ನೋಡುತ್ತೀಯೇ, ನಿನಗೊಬ್ಬಳಿಗೇ ಬರುತ್ತದೆ ಅಂದುಕೊಂಡೆಯಾ ಎಂದುಕೊಂಡು ಎದ್ದೆ. ಒಳಗೆ ಹೋಗಿ ಕೌದಿ ತಂದು ಅತ್ತೆಯ ಹಾಸಿಗೆಯ ಪಕ್ಕಕ್ಕೆ ಹಾಸಿದೆ.

"ಇದೇನ ಗುತ್ತೆವ್ವ? ಹೊರಗಾಗೀಯೇನು?" ಅತ್ತೆ ಕೇಳಿದಳು.

"ಇಲ್ಲತ್ತಿ."

"ಜ್ವರ ಬಂದಾವೇನು?"

"ಇಲ್ಲ."

"ಮತ್ತ?" ಪಾಪ, ಮುದುಕಿ ನೆವ ಹುಡುಕಿ ಹುಡುಕಿ ನನ್ನ ಕೈಗೆ ಕೊಡುತ್ತಿದ್ದಳು. ಒಂದನ್ನು ತೆಗೆದುಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಒಲ್ಲೆ" ಎಂದೆ.

ದನ ಕಟ್ಟಿ ಕೈ ಒರೆಸಿಕೊಳ್ಳುತ್ತ ಬಂದ ನನ್ನ ಗಂಡನಿಗೆ ಅದು ಕೇಳಿಸಿತು. ಅವನ ಹಿಂದೆ ಮಾಳಪ್ಪನೂ ಇದ್ದ. "ಏನಂದಿ?" ಎಂದ ನನ್ನವನು.

"ಇವತ್ತ ನಾ ಒಲ್ಲೆರಿ."

ಅವನು ಶೇಖವ್ವನ ಕಡೆ ನೋಡಿದ, ಮತ್ತೆ ನನ್ನ ಕಡೆ. "ಹಿಂಗೇನು! ಆಕಿನ್ನ ನೋಡಿ ಕಲ್ತಿಯೇನು?" ಎಂದವನೇ ಕೌದಿಯನ್ನು ಒಂದೇ ಸೆಳೆತಕ್ಕೆ ಎತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡ. "ಒಳಗ ನಡಿ."

"ಅಣ್ಣಾ..." ಎಂದ ಮಾಳಪ್ಪ.

"ನೀ ಸುಮ್ನಿರೋ, ಹೇಂತಿ ಅಪ್ಪಣಿ ತಗೊಂಡು ಮಲಗಾಂವ!"

ಈ ಕೌದಿ ಈಗ ಒಳಗೆ ಹೋಯಿತೆಂದರೆ ಸಾಯುವವರೆಗೂ ಹೋಗುತ್ತಲೇ ಇರುತ್ತದೆ ಎಂದು ನನಗೆ ಗೊತ್ತಾಯಿತು. ಹೆದರಿಕೆಗಿಂತ ಸಿಟ್ಟು ದೊಡ್ಡದಿತ್ತು. ಕೂಸನ್ನು ಎತ್ತಿಕೊಂಡು ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತೆ.

"ಹೋದ ವರ್ಷ ಆಪರೇಶನ್ ಜೀಪು ಬರ್ತೈತಿ ಅಂದಾಗ ನೀವು ಎಲ್ಲಿದ್ರಿ?"

ಅವನು ಕಣ್ಣು ಕಿರಿದು ಮಾಡಿದ. "ಅದಕ್ಕೂ ಇದಕ್ಕೂ ಏನ ಸಂಬಂಧ?"

"ಜ್ವಾಳದಾಗ ಇದ್ರಿ. ರೊಟ್ಟಿ ತಂದಾಕಿ ನಾ. ಆವಾಗ ಏನಂದ್ರಿ ನೆನಪೈತೇನು? ನನ್ನ ಮೈ ಮುಟ್ಟಬೇಕಂದ್ರ ನನ್ನ ಕೇಳಬೇಕು, ಸರಕಾರ ಆದ್ರೇನಾತು ಅಂದ್ರಿ. ಗಡಗಡ ನಡಗಾಕತ್ತಿದ್ರಿ. ನಾ ಬೆನ್ನ ಸವರಿ, ಹೌದ್ರಿ, ಕೇಳಬೇಕು ಅಂದೆ. ನಿಮಗ ಅಡಗಾಕ ಜ್ವಾಳ ಇತ್ತು. ನಾ ಎಲ್ಲಿ ಅಡಗಲಿ? ಇದರ ಹಿಂದ ಅಡಗಾಕತ್ತೇನಿ, ನೋಡ್ರಿಲ್ಲೆ." ಕೂಸಿನ ಅಂಗಿ ಸರಿಸಿ ತೊಡೆಯನ್ನು ದೀಪದ ಕಡೆ ಹಿಡಿದೆ. "ನೀವು ಕರದಾಗೊಮ್ಮೆ ನಾ ಚಿವುಟಿದ್ದು ಇದು. ಇದು ಅತ್ತಾಗೊಮ್ಮೆ ನೀವು ನನ್ನ ಬಿಟ್ಟಿದ್ದು."

ಅವನು ಹತ್ತಿರ ಬಂದ. ಆ ಕಲೆಯ ಮೇಲೆ ಬೆರಳಿಡಲು ಹೋಗಿ ಇಡಲಿಲ್ಲ. ಕೂಸು ಅಪ್ಪನ ಮೀಸೆ ಹಿಡಿಯಲು ಕೈ ಚಾಚಿತು. ಕಂಕುಳಲ್ಲಿದ್ದ ಕೌದಿ ಜಾರಿ ನೆಲಕ್ಕೆ ಬಿತ್ತು, ಅವನಿಗೆ ಗೊತ್ತೂ ಆಗಲಿಲ್ಲ. ತಿರುಗಿ ಕಟ್ಟೆಗೆ ಹೋದ.

ಅತ್ತೆ ಕೌದಿಯನ್ನು ಎತ್ತಿ ಝಾಡಿಸಿ ತನ್ನ ಪಕ್ಕಕ್ಕೆ ಹಾಸಿದಳು. ಆಮೇಲೆ ಕೂಸನ್ನು ತೆಗೆದುಕೊಂಡು ಅದರ ತೊಡೆಗೆ ಹೆಬ್ಬೆರಳಿನಿಂದ ಎಣ್ಣೆ ಹಚ್ಚುತ್ತ ಕುಳಿತಳು. "ನಾ ನಿಮ್ಮ ಮಾವಗ ಹೊಟ್ಟಿಶೂಲಿ ಅಂತಿದ್ದೆ" ಎಂದಳು, ಕೂಸಿಗೆ ಹೇಳುವ ಹಾಗೆ.

ನಾನು ತಾಟು ಹಚ್ಚಿಕೊಂಡು ಕಟ್ಟೆಗೆ ಹೋದೆ. ಊಟ ಕೊಡದೆ ಇರುತ್ತೇನೆಯೇ, ಗಂಡ ತಾನೇ. ಅವನು ರೊಟ್ಟಿ ಮುರಿದ, ತಿನ್ನಲಿಲ್ಲ.

"ಮಾಳ್ಯಾ ಪುಣ್ಯವಂತ" ಎಂದ.

ನಾನು ನೀರಿನ ತಂಬಿಗೆಯನ್ನು ಅವನ ಪಕ್ಕಕ್ಕೆ ಇಟ್ಟೆ.

"ಆಕಿ ಹಸರ ಕೌದಿ ತಾನ ಒಯ್ದು ಹಾಸ್ತಾಳ. ನಕ್ಕೋಂತ ಒಯ್ತಾಳ. ನಾ ಇಲ್ಲೆ ಕುಂತು ನೋಡೇನಿ." ರೊಟ್ಟಿಯ ಚೂರನ್ನು ತಾಟಿಗೇ ಹಾಕಿದ. "ನೀ ಒಮ್ಮೆರ ಹಂಗ ಬಂದೀಯೇನು? ಕುರಿ ಬಂದಂಗ ಬರ್ತಿ. ಬಾಗಲಾ ನೋಡ್ಕೋಂತ ಇರ್ತಿ. ನನಗೇನು ಉರಿಯೂದಿಲ್ಲನು?"

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನಾನು ಒಳಗೆ ಕುಳಿತು ಅವಳ ಒಲ್ಲೆಗೆ ಉರಿಯುತ್ತಿದ್ದೆ, ಇವನು ಹೊರಗೆ ಕುಳಿತು ಅವಳ ಹೂಂಗೆ ಉರಿಯುತ್ತಿದ್ದ! ಒಂದೇ ಮನೆಯಲ್ಲಿ, ಒಂದೇ ಜೋಡಿಯನ್ನು ನೋಡಿ. ಅಯ್ಯೋ ಪಾಪ ಅನ್ನಿಸಬೇಕಾಗಿತ್ತು. ನನಗೆ ಅನ್ನಿಸಲಿಲ್ಲ.

"ನೀವು ಒಮ್ಮೆರ ಕೇಳೀರೇನು?" ಎಂದೆ.

ಅವನು ತಾಟನ್ನು ನನ್ನ ಕಡೆ ಸರಿಸಿದ. ತಾಟು ತೆಗೆದುಕೊಂಡು ಒಳಗೆ ಬಂದೆ.

ಮರುದಿನದಿಂದ ಅತ್ತೆ ಕೌದಿ ಮುಟ್ಟುವುದನ್ನೇ ಬಿಟ್ಟಳು. "ನಿಮ್ಮ ನಿಮ್ಮ ಕೌದಿ ನೀವ ನೋಡ್ಕೋರಿ, ನನ್ನ ಸೊಂಟ ಬಗ್ಗೂದಿಲ್ಲ" ಎಂದಳು. ಹಸಿರು ಅಂಚು ಅದರ ಪಾಡಿಗೆ ಒಳಗೆ ಹೊರಗೆ ಓಡಾಡಿತು. ಕೆಂಪು ಅಂಚು ಮಡಚಿಟ್ಟಲ್ಲೇ ಇತ್ತು. ಶೇಖವ್ವ ತುಟಿಯಲ್ಲಿ ನಗು ಹಿಡಿದುಕೊಂಡು ನನ್ನೆದುರಿಗೇ ಕೌದಿ ಒಯ್ಯುವಾಗ ನನಗೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಒಲ್ಲೆ ಎನ್ನುವುದನ್ನು ಹಲ್ಲು ಕಚ್ಚಿ ಕಲಿತಿದ್ದೆ. ಹಾಗೆ ನಗುವುದನ್ನು ಕಲಿಯುವುದು ಹೇಗೆ? ನನ್ನವನು ಹತ್ತಿರ ಬರುತ್ತಿದ್ದ, ತಲೆ ಕೆರೆಯುತ್ತಿದ್ದ, ಮಳೆಯದೋ ಹತ್ತಿಯದೋ ಮಾತಾಡಿ ಹೋಗುತ್ತಿದ್ದ. ಕೇಳುವುದು ಅವನಿಗೂ ಬರುತ್ತಿರಲಿಲ್ಲ.

ಹತ್ತಿಯ ಕೊನೆಯ ಗಾಡಿ ಹೋದ ಮೇಲೆ ಒಂದು ಮಧ್ಯಾಹ್ನ ಹಿತ್ತಲ ಗೋಡೆಗೆ ನಾನು ಕುಳ್ಳು ಬಡಿಯುತ್ತಿದ್ದೆ. ಅವನು ಎತ್ತಿಗೆ ನೀರು ಕುಡಿಸುತ್ತ ಸೀಟಿ ಹೊಡೆಯುತ್ತಿದ್ದ. ಸೀಟಿ ನಡುವೆ ನಿಂತಿತು.

"ಏ... ಇವತ್ತ ಸಂಜಿಕ... ಕೌದಿ ಒಯ್ತಿಯೇನು?"

ಎತ್ತಿನ ಕೋಡನ್ನು ನೋಡಿಕೊಂಡು ಕೇಳಿದ. ಕಿವಿ ಕೆಂಪಾಗಿದ್ದವು. ಖರೆ ಹೇಳಬೇಕೆಂದರೆ ಅವತ್ತು ನನ್ನ ಮನಸ್ಸೇನೂ ಅಷ್ಟು ದೂರ ಇರಲಿಲ್ಲ. ಆದರೂ ಬಿಟ್ಟೇನೇ? ಮೊನ್ನೆ ಆ ಮಾತಿಗೆ ಕೂಸಿನ ತೊಡೆ ಸಾಕ್ಷಿ ಬೇಕಾಗಿತ್ತು. ಸಾಕ್ಷಿಯಿಲ್ಲದೆ ಬರೀ ಮಾತು ನಡೆಯುತ್ತದೋ ಇಲ್ಲವೋ ನೋಡಬೇಕಿತ್ತು.

"ಒಲ್ಲೆ" ಎಂದೆ.

"ಆತು ತಗೋ" ಎಂದ. ತಮ್ಮ ಅಂದಿದ್ದ ಹಾಗೇ ಅಂದ. ಮತ್ತೆ ಸೀಟಿ ಹೊಡೆದ. ಎತ್ತು ನೀರು ಕುಡಿಯಿತು.

ನಾನು ಸಗಣಿ ಕೈ ಎತ್ತಿದವಳು ಎತ್ತಿದ ಹಾಗೇ ನಿಂತೆ. ಖುಷಿಯಾಗುತ್ತದೆ ಅಂದುಕೊಂಡಿದ್ದೆ, ಬಂದದ್ದು ಸಿಟ್ಟು. ಇಷ್ಟೇ ಏನು? ಇಷ್ಟು ಸಣ್ಣದೇನು ಇದು? ಇದಕ್ಕೋಸ್ಕರ ಏಳು ವರ್ಷ ಬಾಗಿಲು ನೋಡುತ್ತ ಮಲಗಿದೆನೇ, ಇದಕ್ಕೋಸ್ಕರ ಆ ಎಳೆಯ ತೊಡೆ ಚಿವುಟಿದೆನೇ?

ಬಣವೆಯ ಆಚೆ ಮೇವು ಹಿರಿಯುತ್ತಿದ್ದ ಶೇಖವ್ವ ಓಡಿ ಬಂದಳು. "ಏನಂದ್ರಕ್ಕಾ ಬಾವಾರು?"

"ಆತು ತಗೋ ಅಂದ್ರು."

"ಮತ್ತ! ಅಷ್ಟ ಅಲ್ಲೇನು" ಎಂದು ಅವಳು ನಕ್ಕಳು.

ಅಷ್ಟೇ ಅಂತೆ! ಬಂದ ಮೊದಲ ತಿಂಗಳಲ್ಲೇ ಸಿಕ್ಕವಳಿಗೆ ಅಷ್ಟೇ. ಕೈಯಲ್ಲಿದ್ದ ಸಗಣಿ ಮುದ್ದೆಯನ್ನು ಅವಳ ಮೇಲೆ ಎಸೆದೆ. ಹೊಸ ಸೀರೆಯ ಮೇಲೆ ಪಚಕ್ಕನೆ ಬಿತ್ತು. ಅವಳು "ಯವ್ವಾ, ಅಕ್ಕಾ!" ಎಂದು ಕಿರುಚಿಕೊಂಡು ಬಾವಿಯ ಕಡೆ ಓಡಿದಳು. ಓಡುವಾಗಲೂ ನಗುತ್ತಲೇ ಇದ್ದಳು.

ಸಂಜೆ ದೀಪ ಹಚ್ಚಿದ ಮೇಲೆ ಕೆಂಪು ಅಂಚಿನ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ಕೂಸನ್ನು ಮಗ್ಗುಲಿಗೆ ಹಾಕಿಕೊಂಡು ಮಲಗಿದೆ. ಅಭ್ಯಾಸಕ್ಕೆ ನನ್ನ ಕೈ ಅದರ ತೊಡೆಯ ಮೇಲೆ ಹೋಯಿತು. ಕೂಸು ಬೆಚ್ಚಿ ಕಾಲು ಎಳೆದುಕೊಂಡಿತು. ನಾನು ಕೈ ತೆಗೆದು ನನ್ನ ತಲೆಯ ಕೆಳಗೆ ಇಟ್ಟುಕೊಂಡೆ. ಅದು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಅಳದೆ ಮಲಗಿತು.